ಪೊಲೀಸರ ಬಾಯಲ್ಲಿ ಲೆನ್ನಿ ಬ್ರೂಸ್

(ಉಪನ್ಯಾಸವೊಂದರ ಬರಹ ರೂಪ. ಮಾತಿನ ನಂತರ ಸಭಿಕರು ಕೇಳಿದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಕೊನೆಯಲ್ಲಿ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಲೆನ್ನಿ ಬ್ರೂಸ್ ಹೆಸರು ಗೊತ್ತಿರುವವರಿಗೆ ಸಾಮಾನ್ಯವಾಗಿ ಅವನ ಬಗ್ಗೆ ಒಂದೇ ಸಂಗತಿ ಗೊತ್ತಿರುತ್ತದೆ: ವೇದಿಕೆಯ ಮೇಲೆ ಹೊಲಸು ಮಾತಾಡಿ ಪೊಲೀಸರ ಕೈಗೆ ಸಿಕ್ಕ ಅಮೆರಿಕದ ಹಾಸ್ಯಗಾರ. ಈ ಒಂದು ಸಾಲಿನ ಪರಿಚಯದ ಜೊತೆ ನನಗೆ ಜಗಳವಿದೆ, ಆ ಜಗಳವನ್ನು ನಿಮ್ಮ ಮುಂದೆ ಆಡಲೆಂದೇ ಬಂದಿದ್ದೇನೆ. ಅವನ ಧ್ವನಿಮುದ್ರಿಕೆಗಳನ್ನು ಬಹಳ ಕಾಲದಿಂದ ಕೇಳುತ್ತ ಬಂದವನು ನಾನು. ಕೇಳಿದಷ್ಟೂ ನನಗೆ ಒಂದು ವಿಷಯ ಗಟ್ಟಿಯಾಗುತ್ತ ಹೋಗಿದೆ. 1961ರಿಂದ 1964ರವರೆಗೆ ಅಮೆರಿಕದ ನಗರಗಳು ಒಂದರ ಹಿಂದೊಂದು ಅವನನ್ನು ನ್ಯಾಯಾಲಯಕ್ಕೆ ಎಳೆದವು. ಆದರೆ ಅವನನ್ನು ಶಿಕ್ಷಿಸಿದ ನ್ಯಾಯಾಧೀಶರು ಅವನ ಪ್ರದರ್ಶನವನ್ನು ಒಮ್ಮೆಯೂ ಕಣ್ಣಾರೆ ನೋಡಲಿಲ್ಲ. ಅವರು ತೀರ್ಪು ಕೊಟ್ಟದ್ದು ಇನ್ನೊಬ್ಬರು ಬರೆದುಕೊಂಡು ಬಂದು ಒಪ್ಪಿಸಿದ ಲೆನ್ನಿ ಬ್ರೂಸ್‌ನ ಮೇಲೆ.

ಅಲ್ಲಿಗೆ ಬರುವ ಮೊದಲು ಮನುಷ್ಯ ಯಾರು ಎಂದು ನೋಡೋಣ.

ಹುಟ್ಟಿದ್ದು 1925ರ ಅಕ್ಟೋಬರ್ 13ರಂದು, ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನ ಮಿನಿಯೋಲಾ ಎಂಬಲ್ಲಿ, ಯಹೂದಿ ಕುಟುಂಬದಲ್ಲಿ. ಹೆಸರು ಲಿಯೊನಾರ್ಡ್ ಆಲ್ಫ್ರೆಡ್ ಶ್ನೈಡರ್. ತಂದೆ ತಾಯಿ ಬೇಗ ಬೇರೆಯಾದರು. ಹುಡುಗ ನೆಂಟರ ಮನೆಗಳಲ್ಲಿ ಬೆಳೆದ. ತಾಯಿ ಸ್ಯಾಲಿ ಮಾರ್ ಸ್ವತಃ ವೇದಿಕೆಯವಳು: ಕುಣಿಯುತ್ತಿದ್ದಳು, ನಟನಟಿಯರ ಅನುಕರಣೆ ಮಾಡುತ್ತಿದ್ದಳು. 1942ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ನೌಕಾಪಡೆ ಸೇರಿದ. ಯುಎಸ್‌ಎಸ್ ಬ್ರೂಕ್ಲಿನ್ ಹಡಗಿನಲ್ಲಿದ್ದು ಮೆಡಿಟರೇನಿಯನ್ ಕದನಗಳನ್ನು ಕಂಡ. 1945ರಲ್ಲಿ ಹೆಣ್ಣುಡುಗೆ ತೊಟ್ಟು ಹಡಗಿನಲ್ಲಿ ಹಾಸ್ಯ ಪ್ರದರ್ಶನ ಕೊಟ್ಟದ್ದು ಮೇಲಧಿಕಾರಿಗಳನ್ನು ಕೆರಳಿಸಿ, ಕೊನೆಗೆ ಸೇವೆಯಿಂದ ಬಿಡುಗಡೆಯಾಗುವವರೆಗೆ ಹೋಯಿತು. ಯುದ್ಧವನ್ನು ಕಣ್ಣಿನಿಂದ ನೋಡಿದವನು ಅವನು ಎಂಬುದನ್ನು ಮರೆಯಬಾರದು. ಮುಂದೆ ಸಭ್ಯತೆಯ ಬಗ್ಗೆ ಅವನಿಗೆ ಪಾಠ ಹೇಳಿದವರೆಲ್ಲರೂ ಅದನ್ನು ಮರೆತಿದ್ದರು.

ಅವನನ್ನು ಸಂತನಾಗಿಸುವುದು ನನ್ನ ಉದ್ದೇಶವಲ್ಲ. 1951ರಲ್ಲಿ ಮಯಾಮಿಯಲ್ಲಿ ಪಾದ್ರಿಯ ಉಡುಪು ಧರಿಸಿ, ಬ್ರಿಟಿಷ್ ಗಯಾನಾದ ಕುಷ್ಠರೋಗಿಗಳ ವಸತಿಗೆಂದು ಮನೆಮನೆ ತಿರುಗಿ ಚಂದಾ ಎತ್ತುತ್ತಿದ್ದಾಗ ಪೊಲೀಸರು ಹಿಡಿದರು. ವಿಚಾರಣೆ ನಡೆಯಿತು, ಬಿಡುಗಡೆಯಾಯಿತು. ಏಕೆಂದರೆ ಅವನು ನ್ಯೂಯಾರ್ಕ್ ರಾಜ್ಯದಲ್ಲಿ ಕಾನೂನುಬದ್ಧವಾಗಿ ಒಂದು ದತ್ತಿ ಸಂಸ್ಥೆಯನ್ನೇ ನೋಂದಾಯಿಸಿಟ್ಟಿದ್ದ! ಬಂದ ಹಣದಲ್ಲಿ ಒಂದು ಪಾಲನ್ನು ಗಯಾನಾಕ್ಕೆ ಕಳುಹಿಸಿ ಉಳಿದದ್ದನ್ನು ತಾನೇ ಇಟ್ಟುಕೊಂಡೆ ಎಂದು ಆತ್ಮಕಥೆಯಲ್ಲಿ ಅವನೇ ಬರೆದುಕೊಂಡಿದ್ದಾನೆ. ಇದು ಮೋಸ. ಆದರೆ ಕರಿ ನಿಲುವಂಗಿಯ ಮುಂದೆ ಜನ ಹೇಗೆ ಪರ್ಸು ತೆರೆಯುತ್ತಾರೆ ಎಂಬುದನ್ನು ಆ ನಿಲುವಂಗಿಯ ಒಳಗೆ ನಿಂತು ನೋಡಿದವನು, ಏಳು ವರ್ಷಗಳ ನಂತರ ಧರ್ಮವನ್ನೇ ಒಂದು ಜಾಹೀರಾತು ಕಂಪನಿಯಾಗಿ ಚಿತ್ರಿಸುವ ಪ್ರಹಸನ ಕಟ್ಟಿದ ಎಂಬುದನ್ನು ನಾನು ಕಾಕತಾಳೀಯ ಎಂದು ನಂಬುವುದಿಲ್ಲ.

ಅವನ ನಿಜವಾದ ಪಾಠಶಾಲೆ ಲಾಸ್ ಏಂಜಲಿಸ್‌ನ ಬೆತ್ತಲೆ ನೃತ್ಯದ ಕ್ಲಬ್ಬುಗಳು. 1951ರಲ್ಲಿ ಮದುವೆಯಾದ ಹನಿ ಹಾರ್ಲೊ ಅಂಥ ಕ್ಲಬ್ಬುಗಳ ನರ್ತಕಿಯಾಗಿದ್ದವಳು. ಐವತ್ತರ ದಶಕದ ನಡುವಿನ ವರ್ಷಗಳಲ್ಲಿ ಬ್ರೂಸ್ ಆ ಕ್ಲಬ್ಬುಗಳಲ್ಲಿ ಒಂದು ನೃತ್ಯಕ್ಕೂ ಇನ್ನೊಂದಕ್ಕೂ ನಡುವೆ ಮೈಕ್ ಹಿಡಿಯುವ ನಿರೂಪಕನಾಗಿದ್ದ. ಆ ಜಾಗಕ್ಕೆ ಹಾಸ್ಯ ಕೇಳಲು ಯಾರೂ ಬರುವುದಿಲ್ಲ. ಕೇಳಿಸಿಕೊಳ್ಳುವವರೆಂದರೆ ಹಿಂದೆ ಕುಳಿತ ವಾದ್ಯದವರು ಮಾತ್ರ. ಹಾಗಾಗಿ ಅವನು ಅವರಿಗಾಗಿ ಮಾತನಾಡತೊಡಗಿದ, ಅವರ ಆಡುಭಾಷೆಯಲ್ಲಿ, ಅವರ ಲಯದಲ್ಲಿ. ಜ್ಯಾಝ್ ವಾದಕ ಒಂದು ರಾಗದ ಎಳೆ ಹಿಡಿದು ಎಲ್ಲಿಗೋ ಹೋಗಿ ಮರಳಿ ಬರುವಂತೆ, ಅವನು ಒಂದು ವಿಷಯ ಹಿಡಿದು, ಅರ್ಧಕ್ಕೆ ಬಿಟ್ಟು, ಮೂರು ಪಾತ್ರಗಳ ಧ್ವನಿಯಲ್ಲಿ ಜಗಳವಾಡಿ, ಯಹೂದಿಗಳ ಮನೆಮಾತಾದ ಯಿಡ್ಡಿಷ್ ಬೆರೆಸಿ, ಮೊದಲಿನ ಜಾಗಕ್ಕೆ ವಾಪಸ್ಸಾಗುತ್ತಿದ್ದ. ಅಂದಿನ ಹಾಸ್ಯಗಾರರು ಅತ್ತೆ, ಹೆಂಡತಿ, ವಿಮಾನ ಪ್ರಯಾಣ ಎಂದು ಬರೆಸಿಕೊಂಡ ಚುಟುಕುಗಳನ್ನು ಸೂಟು ಹಾಕಿಕೊಂಡು ಹೇಳುತ್ತಿದ್ದ ಕಾಲವದು.

1958ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ನಾರ್ತ್ ಬೀಚ್‌ನಲ್ಲಿದ್ದ ಆ್ಯನ್ಸ್ 440 ಎಂಬ ಸಣ್ಣ ಕ್ಲಬ್ಬಿನಲ್ಲಿ ಅವನು ಊರಿನ ಮಾತಾದ. ಫ್ಯಾಂಟಸಿ ರೆಕಾರ್ಡ್ಸ್ ಅವನ ಧ್ವನಿಯನ್ನು ತಟ್ಟೆಗಿಳಿಸಿತು. 1959ರ ಏಪ್ರಿಲ್‌ನಲ್ಲಿ ಸ್ಟೀವ್ ಆ್ಯಲನ್ ತನ್ನ ಟಿವಿ ಕಾರ್ಯಕ್ರಮಕ್ಕೆ ಕರೆದ. ಅದೇ ವರ್ಷ ಟೈಮ್ ಪತ್ರಿಕೆ ಅವನನ್ನೂ ಅವನಂಥ ಹೊಸಬರನ್ನೂ ಸೇರಿಸಿ ‘ರೋಗಿಷ್ಠ ಹಾಸ್ಯಗಾರರು’ ಎಂದು ಹೆಸರಿಟ್ಟಿತು.

ಅವನು ನಿಜಕ್ಕೂ ಏನು ಹೇಳುತ್ತಿದ್ದ? ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅವನ ಮೇಲಿನ ಪುಸ್ತಕ, ಚಲನಚಿತ್ರಗಳೆಲ್ಲ ಮೊಕದ್ದಮೆಗಳ ಕಡೆಗೆ ಓಡುವ ಅವಸರದಲ್ಲಿ ಇದನ್ನು ದಾಟಿಬಿಡುತ್ತವೆ.

ಕ್ರಿಸ್ತ ಮತ್ತು ಮೋಸಸ್ ಭೂಮಿಗೆ ಮರಳುವ ಒಂದು ಪ್ರಸಂಗ ಅವನದು. ಇಬ್ಬರೂ ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಪ್ರಧಾನ ಇಗರ್ಜಿಯ ಹಿಂದಿನ ಸಾಲಿನಲ್ಲಿ ಬಂದು ನಿಲ್ಲುತ್ತಾರೆ. ಬರುವ ದಾರಿಯಲ್ಲಿ ಸ್ಪ್ಯಾನಿಷ್ ಹಾರ್ಲೆಮ್ ನೋಡಿಕೊಂಡು ಬಂದಿದ್ದಾರೆ. ಅಲ್ಲಿ ನಲವತ್ತು ಪೋರ್ಟೊರಿಕನ್ನರು ಒಂದೇ ಕೋಣೆಯಲ್ಲಿ ಬದುಕುತ್ತಿರುವಾಗ ಇಲ್ಲಿ ಗುರುವಿನ ಬೆರಳಿನಲ್ಲಿ ಸಾವಿರಾರು ಡಾಲರಿನ ಉಂಗುರ ಏಕಿದೆ ಎಂದು ಕ್ರಿಸ್ತನಿಗೆ ಅರ್ಥವಾಗುವುದಿಲ್ಲ. ಅಷ್ಟರಲ್ಲಿ ಸುದ್ದಿ ತಿಳಿದ ಕುಷ್ಠರೋಗಿಗಳು ಗುಂಪುಗುಂಪಾಗಿ ಇಗರ್ಜಿಯೊಳಗೆ ಬರತೊಡಗುತ್ತಾರೆ. ನ್ಯೂಯಾರ್ಕಿನ ಕ್ಯಾಥೊಲಿಕ್ ಆರ್ಚ್‌ಬಿಷಪ್ ಕಾರ್ಡಿನಲ್ ಸ್ಪೆಲ್‌ಮನ್ ಗಾಬರಿಗೊಂಡು ರೋಮಿನ ಪೋಪ್‌ಗೆ ಫೋನ್ ಮಾಡಿ, ಇವರನ್ನು ಇಲ್ಲಿಂದ ಹೇಗೆ ಸಾಗಹಾಕುವುದು ಎಂದು ಕೇಳುತ್ತಾರೆ. ಇಡೀ ಪ್ರಸಂಗದಲ್ಲಿ ಕ್ರಿಸ್ತನ ಬಗ್ಗೆ ಒಂದೇ ಒಂದು ಹಗುರ ಮಾತಿಲ್ಲ. ಬೈಬಲನ್ನು ಅಕ್ಷರಶಃ ನಂಬಿದವನೊಬ್ಬ ಇಗರ್ಜಿಗೆ ಹೋದರೆ ಏನಾಗುತ್ತದೆ ಎಂಬುದಷ್ಟೇ ಅವನ ಪ್ರಶ್ನೆ. ಜೀವಂತವಾಗಿದ್ದ, ನಗರದ ರಾಜಕೀಯದ ಮೇಲೆ ಹಿಡಿತವಿದ್ದ ಕಾರ್ಡಿನಲ್ ಒಬ್ಬರ ಹೆಸರನ್ನು ಹಿಡಿದು ಅದೇ ನಗರದಲ್ಲಿ ಹೀಗೆ ಕೇಳುವ ಧೈರ್ಯ ಅಂದು ಪತ್ರಿಕೆಗಳಿಗೂ ಇರಲಿಲ್ಲ.

ಎರಡನೆಯದು ಜನಾಂಗದ ಬೈಗುಳಗಳ ಪ್ರಸಂಗ. ಸಭೆಯಲ್ಲಿ ಕರಿಯರು ಎಷ್ಟು ಜನ ಇದ್ದೀರಿ ಎಂದು ಅತ್ಯಂತ ಹೀನ ಪದ ಬಳಸಿ ಕೇಳುತ್ತಾನೆ. ಸಭೆ ಹೆಪ್ಪುಗಟ್ಟುತ್ತದೆ. ನಂತರ ಯಹೂದಿಗಳು, ಇಟಲಿಯವರು, ಐರಿಷರು, ಪೋಲೆಂಡಿನವರು, ಒಬ್ಬೊಬ್ಬರನ್ನೂ ಅವರವರಿಗೆ ಮೀಸಲಾದ ಬೈಗುಳದಿಂದಲೇ ಎಣಿಸುತ್ತ ಹರಾಜು ಕೂಗುವವನ ವೇಗ ಹಿಡಿಯುತ್ತಾನೆ. ಕೊನೆಗೆ ಹೇಳುತ್ತಾನೆ: ಪದವನ್ನು ಅದುಮಿಟ್ಟಷ್ಟೂ ಅದಕ್ಕೆ ವಿಷ ಏರುತ್ತದೆ; ಅಧ್ಯಕ್ಷ ಕೆನೆಡಿಯೇ ಟಿವಿಯಲ್ಲಿ ಬಂದು ಆ ಪದವನ್ನು ದಿನವೂ ಹೇಳಿ ಹೇಳಿ ಅರ್ಥ ಕಳೆದುಬಿಟ್ಟರೆ, ಆರು ವರ್ಷದ ಕರಿಯ ಮಗುವೊಂದು ಶಾಲೆಯಿಂದ ಅಳುತ್ತ ಮನೆಗೆ ಬರುವುದು ನಿಲ್ಲುತ್ತದೆ.

ಇಲ್ಲಿ ನಾನು ಬ್ರೂಸ್‌ನನ್ನು ಒಪ್ಪುವುದಿಲ್ಲ. ಅವನ ಕಾಳಜಿ ಆ ಮಗುವಿನ ಮೇಲಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಬೈಗುಳದ ವಿಷ ಬಚ್ಚಿಡುವುದರಿಂದ ಬಂದದ್ದಲ್ಲ, ಅದನ್ನು ಆಡುವವನ ಕೈಯಲ್ಲಿರುವ ಅಧಿಕಾರದಿಂದ ಬಂದದ್ದು. ನಮ್ಮ ಊರುಗಳಲ್ಲಿ ಜಾತಿ ಹೆಸರು ಹಿಡಿದು ಬೈಯುವುದನ್ನು ಶತಮಾನಗಳ ಕಾಲ ಯಾರೂ ಅದುಮಿಟ್ಟಿರಲಿಲ್ಲ. ಬೀದಿಯಲ್ಲಿ, ಕೆರೆಯ ಏರಿಯ ಮೇಲೆ, ಶಾಲೆಯ ಜಗಲಿಯಲ್ಲಿ ದಿನವೂ ಆಡಿದರು. ಆಡಿ ಆಡಿ ಅದರ ಹರಿತ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. 1989ರಲ್ಲಿ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬಂದು, ಸಾರ್ವಜನಿಕವಾಗಿ ಅವಮಾನಿಸುವುದು ಅಪರಾಧ ಎಂದ ಮೇಲೆಯೇ ಆಡುವ ನಾಲಿಗೆ ಒಂದಿಷ್ಟು ಹಿಂಜರಿಯತೊಡಗಿದ್ದು. ಬ್ರೂಸ್‌ನ ಸಮಕಾಲೀನ, ಕರಿಯ ಹಾಸ್ಯಗಾರ ಡಿಕ್ ಗ್ರೆಗೊರಿ 1964ರಲ್ಲಿ ತನ್ನ ಆತ್ಮಕಥೆಗೆ ಅದೇ ಪದವನ್ನು ಶೀರ್ಷಿಕೆಯಾಗಿಟ್ಟ. ಇನ್ನು ಮುಂದೆ ಆ ಪದ ಕಿವಿಗೆ ಬಿದ್ದಾಗಲೆಲ್ಲ ನನ್ನ ಪುಸ್ತಕಕ್ಕೆ ಪ್ರಚಾರ ಕೊಡುತ್ತಿದ್ದಾರೆ ಎಂದುಕೊ ಎಂಬ ಅರ್ಥದ ಮಾತನ್ನು ತೀರಿಹೋದ ತಾಯಿಗೆ ಅರ್ಪಣೆಯಾಗಿ ಬರೆದ. ಗಾಯಗೊಂಡವನೇ ಆಯುಧವನ್ನು ಕಿತ್ತುಕೊಳ್ಳುವುದಕ್ಕೂ, ಪಕ್ಕದಲ್ಲಿ ನಿಂತವನು ಅದನ್ನು ಮೊಂಡಾಗಿಸುತ್ತೇನೆ ಎನ್ನುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸ ಬ್ರೂಸ್‌ಗೆ ಪೂರ್ತಿ ಕಾಣಲಿಲ್ಲ.

ಮೂರನೆಯದು ನನ್ನನ್ನು ಅತಿಯಾಗಿ ಕಾಡಿದ್ದು. 1963ರ ನವೆಂಬರ್ 22, ಡಲ್ಲಾಸ್. ಅಧ್ಯಕ್ಷ ಕೆನೆಡಿಗೆ ಗುಂಡು ತಗುಲಿದ ಕ್ಷಣದಲ್ಲಿ ಅವರ ಪತ್ನಿ ಜಾಕ್ಲಿನ್ ಕೆನೆಡಿ ತೆರೆದ ಕಾರಿನ ಹಿಂಬದಿಯ ಮೇಲೆ ತೆವಳುತ್ತಿರುವ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಸಹಾಯ ಕರೆಯಲು ಹೋಗುತ್ತಿದ್ದಾಳೆ ಎಂಬ ಅಡಿಬರಹ ಬಂತು. ಇಡೀ ದೇಶ ಕಣ್ಣೀರಿಡುತ್ತಿದ್ದ ಆ ತಿಂಗಳುಗಳಲ್ಲಿ ಬ್ರೂಸ್ ವೇದಿಕೆಯ ಮೇಲೆ ನಿಂತು ಹೇಳಿದ: ಇಲ್ಲ, ಅವಳು ಜೀವ ಉಳಿಸಿಕೊಳ್ಳಲು ಓಡುತ್ತಿದ್ದಾಳೆ, ನಾವು ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದೆವು. ಅವನು ಇದನ್ನು ಹೇಳಿದ ಮಾತುಗಳು ಒರಟಾಗಿದ್ದವು, ನಿಜ. ಆದರೆ ಮುಂದಿನ ಮಾತನ್ನು ಕೇಳಿ. ತನ್ನ ಮಗಳ ಮುಂದೆ ಈ ಸುಳ್ಳನ್ನು ಆದರ್ಶವಾಗಿ ಇಟ್ಟರೆ ಏನಾಗುತ್ತದೆ ಎಂದು ಅವನು ಕೇಳಿದ. ಒಂದು ದಿನ ಅವಳ ಗಂಡನ ಮುಖಕ್ಕೆ ಗುಂಡು ಬಿದ್ದು ಅವಳು ಹೆದರಿ ಓಡಿದರೆ, ಒಳ್ಳೆಯ ಹೆಂಗಸರು ಓಡುವುದಿಲ್ಲ, ನಾನು ಕೆಟ್ಟವಳು ಎಂದು ಬದುಕಿಡೀ ಕೊರಗುತ್ತಾಳೆ. ಅವನ ಮಗಳು ಕಿಟ್ಟಿ ಆಗ ಎಂಟು ವರ್ಷದವಳು.

ಆ ಹತ್ಯೆಯ ತನಿಖೆ ನಡೆಸಿದ ವಾರೆನ್ ಆಯೋಗದ ಮುಂದೆ ಜಾಕ್ಲಿನ್ ಕೆನೆಡಿ, ಕಾರಿನ ಹಿಂಬದಿ ಹತ್ತಿದ್ದು ತನಗೆ ನೆನಪೇ ಇಲ್ಲ ಎಂದು ಹೇಳಿದರು. ಹಾಗಾಗಿ ಆ ಕ್ಷಣದ ಬಗ್ಗೆ ಬ್ರೂಸ್ ಹೇಳಿದ್ದೇ ಸತ್ಯ ಎಂದು ನಾನು ವಾದಿಸಲಾರೆ, ಪತ್ರಿಕೆಯ ಅಡಿಬರಹವೇ ಸತ್ಯ ಎಂದೂ ಯಾರೂ ವಾದಿಸಲಾಗದು. ನನಗೆ ಮುಖ್ಯವಾಗುವುದು ಅವನ ದೃಷ್ಟಿ ನೆಟ್ಟ ಜಾಗ. ಮನುಷ್ಯ ಹೇಗಿರಬೇಕು ಎಂಬ ಚಿತ್ರವನ್ನು ಎತ್ತರದಲ್ಲಿ ತೂಗುಹಾಕಿ, ಹೇಗಿದ್ದಾನೋ ಹಾಗಿರುವುದಕ್ಕೆ ಅವನನ್ನು ನಾಚಿಸುವ ವ್ಯವಸ್ಥೆಯ ಮೇಲೆ ಅವನಿಗೆ ಸಿಟ್ಟು. ‘ಇರುವುದು’ ಮಾತ್ರ ಸತ್ಯ, ‘ಇರಬೇಕಾದದ್ದು’ ಯಾರೋ ಎಂದೋ ಜನರ ಕೈಗಿತ್ತ ಸುಳ್ಳು ಎಂಬುದು ಅವನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಲೇ ಹೋದ ಮಾತು. ಇದು ಉಪದೇಶಕನ ಸಿಟ್ಟು. ಅವನನ್ನು ಅಶ್ಲೀಲ ಎಂದು ಕರೆದವರಿಗಿಂತ ಅವನೇ ಹೆಚ್ಚು ಮಡಿವಂತನಾಗಿದ್ದ ಎಂದು ನಾನು ಹೇಳಿದರೆ ಅತಿಶಯವಾಗದು. ಸುಳ್ಳಿನ ಮೈಲಿಗೆ ಅವನಿಗೆ ಸಹಿಸಲು ಆಗುತ್ತಿರಲಿಲ್ಲ.

ಈಗ ಮೊಕದ್ದಮೆಗಳು.

1961ರ ಅಕ್ಟೋಬರ್ 4ರಂದು ಸ್ಯಾನ್ ಫ್ರಾನ್ಸಿಸ್ಕೊದ ಜ್ಯಾಝ್ ವರ್ಕ್‌ಶಾಪ್ ಕ್ಲಬ್ಬಿನಲ್ಲಿ ಒಂದು ಪದಕ್ಕಾಗಿ ಬಂಧಿಸಿದರು. 1962ರ ಮಾರ್ಚ್‌ನಲ್ಲಿ ಜ್ಯೂರಿಯ, ಅಂದರೆ ತೀರ್ಪು ಕೊಡಲು ಆರಿಸಿದ ಸಾಮಾನ್ಯ ನಾಗರಿಕರ, ಮುಂದೆ ವಿಚಾರಣೆ. ನ್ಯಾಯಾಧೀಶರು ಕ್ಲೇಟನ್ ಹಾರ್ನ್. ವಕೀಲ ಆಲ್ಬರ್ಟ್ ಬೆಂಡಿಚ್. ಇದೇ ನ್ಯಾಯಾಧೀಶರು 1957ರಲ್ಲಿ, ಇದೇ ವಕೀಲರಿದ್ದ ಇನ್ನೊಂದು ಮೊಕದ್ದಮೆಯಲ್ಲಿ, ಆ್ಯಲನ್ ಗಿನ್ಸ್‌ಬರ್ಗ್‌ನ ಕವನ ಪ್ರಕಟಿಸಿದ ಪ್ರಕಾಶಕನನ್ನು ಬಿಡುಗಡೆ ಮಾಡಿದ್ದರು. ಇಲ್ಲಿ ಬ್ರೂಸ್‌ನ ಪ್ರದರ್ಶನದ ಧ್ವನಿಮುದ್ರಿಕೆಯನ್ನೇ ಜ್ಯೂರಿಗೆ ಕೇಳಿಸಲಾಯಿತು. ಒಂದು ಪದವನ್ನು ಹೊರಗೆ ಕಿತ್ತು ತೋರಿಸುವ ಬದಲು ಅದರ ಹಿಂದುಮುಂದನ್ನು ಅವನದೇ ಧ್ವನಿಯಲ್ಲಿ ಕೇಳಿದ ಆ ಜ್ಯೂರಿ ಅವನನ್ನು ನಿರ್ದೋಷಿ ಎಂದಿತು.

ಶಿಕಾಗೊದಲ್ಲಿ ಹಾಗಾಗಲಿಲ್ಲ. 1962ರ ಡಿಸೆಂಬರ್‌ನಲ್ಲಿ ಗೇಟ್ ಆಫ್ ಹಾರ್ನ್ ಕ್ಲಬ್ಬಿನ ವೇದಿಕೆಯಿಂದಲೇ ಬಂಧನವಾಯಿತು. ಸಭೆಯಲ್ಲಿದ್ದ ಇಪ್ಪತ್ತೈದು ವರ್ಷದ ಜಾರ್ಜ್ ಕಾರ್ಲಿನ್‌ನನ್ನೂ ಗುರುತಿನ ಚೀಟಿ ತೋರಿಸಲು ಒಪ್ಪದ್ದಕ್ಕೆ ಪೊಲೀಸರು ಹಿಡಿದರು. ಮುಂದೆ ಅಮೆರಿಕದ ಅತಿ ದೊಡ್ಡ ಹಾಸ್ಯಗಾರರಲ್ಲಿ ಒಬ್ಬನಾದ ಕಾರ್ಲಿನ್ ಅವನೇ. ಅದರ ನಂತರ ಪೊಲೀಸ್ ಅಧಿಕಾರಿಯೊಬ್ಬ ಬಂದು ಕ್ಲಬ್ಬಿನ ಮಾಲೀಕನಿಗೆ ಹೇಳಿದ ಮಾತು ಮನರಂಜನಾ ಉದ್ಯಮದ ಪತ್ರಿಕೆ ವೆರೈಟಿಯಲ್ಲಿ ವರದಿಯಾಯಿತು. ಇವನು ಧರ್ಮದ ವಿರುದ್ಧ ಮತ್ತೆ ಮಾತಾಡಿದರೆ ಎಲ್ಲರನ್ನೂ ಹಿಡಿಯುತ್ತೇನೆ, ಕ್ಯಾಥೊಲಿಕನಾಗಿ ಹೇಳುತ್ತಿದ್ದೇನೆ, ನಿನ್ನ ಲೈಸೆನ್ಸ್ ಅಪಾಯದಲ್ಲಿದೆ ಎಂಬುದು ಅದರ ಸಾರ. ಮೊಕದ್ದಮೆಯ ಕಾಗದದಲ್ಲಿ ಇದ್ದದ್ದು ಅಶ್ಲೀಲತೆ. ಮಾಲೀಕನ ಕಿವಿಯಲ್ಲಿ ಹೇಳಿದ್ದು ಧರ್ಮ ಮತ್ತು ಲೈಸೆನ್ಸ್. ಕ್ಲಬ್ಬಿನ ಲೈಸೆನ್ಸ್ ಕೆಲವು ದಿನ ಅಮಾನತಾಯಿತು ಕೂಡ. ಬ್ರೂಸ್‌ಗೆ 1963ರಲ್ಲಿ ಶಿಕ್ಷೆಯಾಯಿತು; 1964ರ ನವೆಂಬರ್‌ನಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಷ್ಟರೊಳಗೆ ಅವನನ್ನು ಕರೆಯಲು ಕ್ಲಬ್ಬುಗಳವರು ಹೆದರತೊಡಗಿದ್ದರು. 1963ರಲ್ಲಿ ಬ್ರಿಟನ್ ಸರ್ಕಾರ ಅವನನ್ನು ದೇಶದೊಳಗೇ ಬಿಟ್ಟುಕೊಳ್ಳಲಿಲ್ಲ.

ನಂತರ ನ್ಯೂಯಾರ್ಕ್. 1964ರ ಮಾರ್ಚ್ ಕೊನೆಯಲ್ಲಿ ಗ್ರೀನಿಚ್ ವಿಲೇಜ್‌ನ ಕೆಫೆ ಓ ಗೊ ಗೊದಲ್ಲಿ ಲೈಸೆನ್ಸ್ ಇಲಾಖೆಯ ಇನ್ಸ್‌ಪೆಕ್ಟರ್ ಹರ್ಬರ್ಟ್ ರೂಹಿ ಪ್ರೇಕ್ಷಕನಂತೆ ಕುಳಿತು ಟಿಪ್ಪಣಿ ಮಾಡಿಕೊಂಡ. ಮರುದಿನ ಮಫ್ತಿಯ ಪೊಲೀಸರು ಬಟ್ಟೆಯೊಳಗೆ ಬಚ್ಚಿಟ್ಟ ಯಂತ್ರದಲ್ಲಿ ಧ್ವನಿಮುದ್ರಿಸಿಕೊಂಡರು. ಏಪ್ರಿಲ್‌ನ ಮೊದಲ ವಾರದಲ್ಲಿ ಬ್ರೂಸ್‌ನನ್ನು ಎರಡು ಸಲ ಬಂಧಿಸಲಾಯಿತು, ಕ್ಲಬ್ಬಿನ ಮಾಲೀಕ ಹೊವರ್ಡ್ ಸಾಲಮನ್‌ನನ್ನೂ ಆರೋಪಿಯನ್ನಾಗಿ ಮಾಡಲಾಯಿತು. ಬಾಬ್ ಡಿಲನ್, ಜೇಮ್ಸ್ ಬಾಲ್ಡ್‌ವಿನ್, ನಾರ್ಮನ್ ಮೇಲರ್, ಎಲಿಜಬೆತ್ ಟೇಲರ್, ಧರ್ಮಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬೂರ್ ಅವರಂಥವರು ಪ್ರತಿಭಟನೆಯ ಹೇಳಿಕೆಗೆ ಸಹಿ ಹಾಕಿದರು. ಜೂನ್‌ನಲ್ಲಿ ಮೂವರು ನ್ಯಾಯಾಧೀಶರ ಮುಂದೆ ವಿಚಾರಣೆ ಶುರುವಾಯಿತು. ಜ್ಯೂರಿ ಇರಲಿಲ್ಲ.

ಸರ್ಕಾರಿ ವಕೀಲ ರಿಚರ್ಡ್ ಕೂ ಮೊದಲು ರೂಹಿಯನ್ನು ಕಟಕಟೆಗೆ ಕರೆಸಿದರು. ಅವನು ತನ್ನ ಟಿಪ್ಪಣಿಗಳ ಆಧಾರದ ಮೇಲೆ ಬ್ರೂಸ್‌ನ ಪ್ರದರ್ಶನವನ್ನು ನ್ಯಾಯಾಲಯಕ್ಕೆ ಒಪ್ಪಿಸಿದ. ತಾಳಮದ್ದಲೆ ಬಲ್ಲವರು ಇಲ್ಲಿದ್ದರೆ ಈ ದೃಶ್ಯದ ಅನ್ಯಾಯ ಅವರಿಗೆ ತಟ್ಟನೆ ಅರ್ಥವಾಗುತ್ತದೆ. ನುರಿತ ಅರ್ಥಧಾರಿಯೊಬ್ಬ ರಾತ್ರಿಯಿಡೀ ಕರ್ಣನಾಗಿ ಆಡಿದ ಮಾತನ್ನು, ಅದರಲ್ಲಿ ಆಸಕ್ತಿಯೇ ಇಲ್ಲದ ಗುಮಾಸ್ತನೊಬ್ಬ ನಡುನಡುವೆ ಸಿಕ್ಕ ಪದಗಳನ್ನಷ್ಟೇ ಗೀಚಿಕೊಂಡು, ಮರುದಿನ ಕಚೇರಿಯಲ್ಲಿ ಓದಿ, ಇದೇ ನಿನ್ನೆಯ ಕರ್ಣ ಎಂದರೆ ಹೇಗಿರುತ್ತದೋ ಹಾಗಿತ್ತು. ಪಾತ್ರಗಳಿಲ್ಲ, ದನಿಯ ಏರಿಳಿತವಿಲ್ಲ, ಯಾರು ಯಾರಿಗೆ ಹೇಳಿದ್ದು ಎಂಬುದಿಲ್ಲ. ಉಳಿದದ್ದು ಪದಗಳ ಸಾಲು. ಈ ಮನುಷ್ಯನ ಪ್ರದರ್ಶನಕ್ಕೆ ನನಗೆ ಶಿಕ್ಷೆಯಾಗುತ್ತದೆ ಎಂಬ ಅರ್ಥದಲ್ಲಿ ಬ್ರೂಸ್ ಗೋಳಿಟ್ಟದ್ದು ಪ್ರಸಿದ್ಧವಾಗಿದೆ. ಪೊಲೀಸರ ಧ್ವನಿಮುದ್ರಿಕೆಯನ್ನೂ ಹಾಕಿದರು. ಅದು ಕಲಸುಮೇಲೋಗರವಾಗಿ ಕೇಳುತ್ತಿತ್ತು. ವ್ಯಂಗ್ಯಚಿತ್ರಕಾರ ಜೂಲ್ಸ್ ಫೈಫರ್, ಜ್ಯಾಝ್ ವಿಮರ್ಶಕ ನ್ಯಾಟ್ ಹೆಂಟಾಫ್, ಸಂಪ್ರದಾಯಸ್ಥ ಪತ್ರಿಕೆಯ ಅಂಕಣಕಾರ್ತಿಯೂ ಟಿವಿ ತಾರೆಯೂ ಆಗಿದ್ದ ಡೊರೊಥಿ ಕಿಲ್‌ಗ್ಯಾಲನ್ ಬಂದು ಇದು ಸಾಮಾಜಿಕ ವಿಡಂಬನೆ ಎಂದು ಸಾಕ್ಷಿ ನುಡಿದರು. ತನ್ನ ಪ್ರದರ್ಶನವನ್ನು ತಾನೇ ಮಾಡಿ ತೋರಿಸುತ್ತೇನೆ, ಒಮ್ಮೆ ಕೇಳಿ ಎಂದು ಬ್ರೂಸ್ ನ್ಯಾಯಾಧೀಶರನ್ನು ಬೇಡಿಕೊಂಡ. ಅವರು ಒಪ್ಪಲಿಲ್ಲ.

ಅವನ ಮೇಲೆ ಹೊರಿಸಿದ ಕಾನೂನಿನ ಪದಗಳನ್ನು ಗಮನಿಸಿ: ಅಶ್ಲೀಲ, ಅಸಭ್ಯ, ಅನೈತಿಕ ಮತ್ತು ಅಶುದ್ಧ ಪ್ರದರ್ಶನ. ‘ಅಶುದ್ಧ’ ಎಂಬುದು ಅಪರಾಧವಾದರೆ ಅದರಿಂದ ತಪ್ಪಿಸಿಕೊಳ್ಳುವ ಮನುಷ್ಯ ಯಾರು? ಅದೇ 1964ರ ಆಗಸ್ಟ್‌ನಲ್ಲಿ, ಬ್ರೂಸ್‌ನ ತೀರ್ಪಿಗೆ ಎಲ್ಲರೂ ಕಾಯುತ್ತಿದ್ದಾಗ, ನಮ್ಮ ಸುಪ್ರೀಂ ಕೋರ್ಟ್ ಮುಂಬೈಯ ಪುಸ್ತಕದಂಗಡಿಯ ರಂಜಿತ್ ಉದೇಶಿ ಡಿ.ಎಚ್. ಲಾರೆನ್ಸ್‌ನ ಒಂದು ಕಾದಂಬರಿ ಮಾರಿದ್ದು ಅಪರಾಧ ಎಂದು ಎತ್ತಿಹಿಡಿಯಿತು. ದುರ್ಬಲ ಮನಸ್ಸಿನವರನ್ನು ಕೆಡಿಸಬಹುದೇ ಎಂಬ ವಿಕ್ಟೋರಿಯಾ ರಾಣಿಯ ಕಾಲದ ಮಾನದಂಡವನ್ನೇ ಅದು ಬಳಸಿತು. ಅದನ್ನು ಬಿಟ್ಟು ಸಮಕಾಲೀನ ಸಮಾಜದ ಮಾನದಂಡಕ್ಕೆ ನಮ್ಮ ಸುಪ್ರೀಂ ಕೋರ್ಟ್ ಬಂದದ್ದು 2014ರಲ್ಲಿ.

1964ರ ನವೆಂಬರ್ 4ರಂದು ಇಬ್ಬರು ನ್ಯಾಯಾಧೀಶರು ಬ್ರೂಸ್ ದೋಷಿ ಎಂದರು. ಮೂರನೆಯವರಾದ ಜೇಮ್ಸ್ ಕ್ರೀಲ್ ಭಿನ್ನಮತ ನೀಡಿದರು. ಡಿಸೆಂಬರ್ 21ರಂದು ನಾಲ್ಕು ತಿಂಗಳ ಶಿಕ್ಷೆ ಘೋಷಣೆಯಾಯಿತು. ಮೇಲ್ಮನವಿಗೆಂದು ಜಾಮೀನಿನ ಮೇಲೆ ಹೊರಗಿದ್ದ ಅವನು ಆ ಶಿಕ್ಷೆಯನ್ನು ಜೈಲಿನಲ್ಲಿ ಅನುಭವಿಸಲೇ ಇಲ್ಲ.

ಆದರೆ ಅಷ್ಟರಲ್ಲಿ ಅವನು ಮುಗಿದಿದ್ದ. ತನ್ನ ವಕೀಲರನ್ನು ಬಿಡಿಸಿ ತಾನೇ ವಾದಿಸಿದ. ಮನೆ ತುಂಬ ಕಾನೂನು ಪುಸ್ತಕ, ತೀರ್ಪಿನ ಪ್ರತಿ, ಟೇಪುಗಳು. ವೇದಿಕೆ ಸಿಕ್ಕಾಗಲೂ ವಿಚಾರಣೆಯ ದಾಖಲೆಗಳನ್ನು ತಂದು ಓದುತ್ತಿದ್ದ. ನಗಲು ಬಂದವರು ಎದ್ದು ಹೋಗುತ್ತಿದ್ದರು. ಎಷ್ಟೋ ಜನ ಇದನ್ನು ಹುಚ್ಚು ಎಂದು ಬರೆದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನ್ಯಾಯಾಲಯದ ಮೇಲೆ ಅವನಿಗಿದ್ದ ನಂಬಿಕೆ ಆಳವಾದದ್ದು. ಸರಿಯಾದ ಕಾಗದವನ್ನು ಸರಿಯಾದ ನ್ಯಾಯಾಧೀಶರ ಮುಂದಿಟ್ಟರೆ ಅವರು ಖಂಡಿತ ಕೇಳಿಸಿಕೊಳ್ಳುತ್ತಾರೆ ಎಂದು ಅವನು ನಂಬಿದ್ದ. ಇಗರ್ಜಿಯ ಬಗ್ಗೆ, ಪತ್ರಿಕೆಯ ಬಗ್ಗೆ, ಅಧ್ಯಕ್ಷರ ಬಗ್ಗೆ ಅಷ್ಟು ಎಚ್ಚರವಿದ್ದ ಮನುಷ್ಯ ಸಂವಿಧಾನದ ಮುಂದೆ ಮಾತ್ರ ಭಕ್ತನಾಗಿದ್ದ. ಮಾದಕವಸ್ತುವಿನ ಚಟವೂ ಇತ್ತು, ಅದಕ್ಕಾಗಿ ಬೇರೆ ಬಂಧನಗಳೂ ಆಗಿದ್ದವು. ಅವನ ಅವನತಿಯನ್ನೆಲ್ಲ ಪೊಲೀಸರ ಲೆಕ್ಕಕ್ಕೆ ಬರೆಯುವುದು ಪ್ರಾಮಾಣಿಕವಲ್ಲ. 1965ರಲ್ಲಿ ದಿವಾಳಿ ಎಂದು ಘೋಷಿಸಿಕೊಂಡ. 1966ರ ಜೂನ್ 25ರಂದು ಸ್ಯಾನ್ ಫ್ರಾನ್ಸಿಸ್ಕೊದ ಫಿಲ್‌ಮೋರ್‌ನಲ್ಲಿ ಕೊನೆಯ ಪ್ರದರ್ಶನ ಕೊಟ್ಟ. ಆಗಸ್ಟ್ 3ರಂದು ಹಾಲಿವುಡ್ ಗುಡ್ಡದ ಮೇಲಿನ ಮನೆಯಲ್ಲಿ ಮಾರ್ಫೀನ್ ಅತಿಯಾಗಿ ತೀರಿಕೊಂಡ. ವಯಸ್ಸು ನಲವತ್ತು. ಛಾಯಾಗ್ರಾಹಕರು ಒಳಗೆ ಬಂದು ಬಚ್ಚಲಿನ ನೆಲದಲ್ಲಿ ಬಿದ್ದಿದ್ದ ದೇಹದ ಚಿತ್ರ ತೆಗೆಯಲು ಪೊಲೀಸರು ಬಿಟ್ಟರು. ಇಡೀ ಕಥೆಯಲ್ಲಿ ಅಶ್ಲೀಲ ಎಂಬ ಪದ ನಿಜವಾಗಿ ಹೊಂದುವ ಘಟನೆ ನನ್ನ ಪ್ರಕಾರ ಇದೊಂದೇ.

ಸಹ ಆರೋಪಿ ಸಾಲಮನ್ ಮೇಲ್ಮನವಿಯನ್ನು ಬಿಡದೆ ನಡೆಸಿ 1968ರಲ್ಲಿ ಗೆದ್ದ. ಬ್ರೂಸ್‌ನ ಹೆಸರಿನ ಮೇಲಿನ ಶಿಕ್ಷೆ ಹಾಗೆಯೇ ಉಳಿಯಿತು. ರಿಚರ್ಡ್ ಕೂ 1974ರಲ್ಲಿ ಮ್ಯಾನ್‌ಹ್ಯಾಟನ್‌ನ ಜಿಲ್ಲಾ ಅಟಾರ್ನಿ, ಅಂದರೆ ಅಲ್ಲಿನ ಮುಖ್ಯ ಸರ್ಕಾರಿ ವಕೀಲ, ಆದರು. 2003ರ ಡಿಸೆಂಬರ್ 23ರಂದು ಗವರ್ನರ್ ಜಾರ್ಜ್ ಪಟಾಕಿ ಬ್ರೂಸ್‌ಗೆ ಕ್ಷಮಾದಾನ ನೀಡಿದರು. ನ್ಯೂಯಾರ್ಕ್ ರಾಜ್ಯದ ಇತಿಹಾಸದಲ್ಲಿ ಮರಣೋತ್ತರ ಕ್ಷಮಾದಾನ ಅದೇ ಮೊದಲು. ರಾಬಿನ್ ವಿಲಿಯಮ್ಸ್ ಸೇರಿದಂತೆ ಹಲವು ಕಲಾವಿದರು ಅದಕ್ಕಾಗಿ ಮನವಿ ಸಲ್ಲಿಸಿದ್ದರು. ಅವರ ಪ್ರಯತ್ನಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಗವರ್ನರ್ ತಮ್ಮ ಹೇಳಿಕೆಯಲ್ಲಿ, ಭಯೋತ್ಪಾದನೆಯ ವಿರುದ್ಧದ ಯುದ್ಧ ನಡೆಯುತ್ತಿರುವ ಹೊತ್ತಿನಲ್ಲಿ ನಾವು ಕಾಪಾಡಲು ಹೋರಾಡುತ್ತಿರುವ ಸ್ವಾತಂತ್ರ್ಯಗಳನ್ನು ಇದು ನೆನಪಿಸಲಿ ಎಂದರು. ಇರಾಕ್ ಆಕ್ರಮಣವಾಗಿ ಒಂಬತ್ತು ತಿಂಗಳಾಗಿತ್ತು. ಬದುಕಿದ್ದಾಗ ಅವನ ಬಾಯಿಗೆ ಅವನದಲ್ಲದ ಮಾತು ತುರುಕಿದರು, ಸತ್ತ ಮೇಲೂ ಬಿಡಲಿಲ್ಲ.

ಇದನ್ನೆಲ್ಲ ಬೆಂಗಳೂರಿನಲ್ಲಿ ಕುಳಿತು ಏಕೆ ಕೇಳಬೇಕು ಎಂದರೆ, 2021ರ ಎರಡು ಘಟನೆಗಳನ್ನು ನೆನಪಿಸುತ್ತೇನೆ. ಜನವರಿ 1ರಂದು ಇಂದೋರಿನ ಕೆಫೆಯೊಂದರಲ್ಲಿ ಸ್ಟ್ಯಾಂಡ್-ಅಪ್ ಕಲಾವಿದ ಮುನಾವರ್ ಫಾರೂಕಿಯನ್ನು ಬಂಧಿಸಲಾಯಿತು. ಆ ಸಂಜೆ ಅವನು ದೇವರನ್ನು ಅವಮಾನಿಸಿದ ಎಂಬುದಕ್ಕೆ ವಿಡಿಯೊ ಸಾಕ್ಷ್ಯವಿಲ್ಲ ಎಂದು ಪೊಲೀಸ್ ಅಧಿಕಾರಿಯೇ ಪತ್ರಿಕೆಗಳಿಗೆ ಹೇಳಿದರೂ, ಫೆಬ್ರುವರಿ 5ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಡುವವರೆಗೆ ಜೈಲಿನಲ್ಲಿದ್ದ. ನವೆಂಬರ್ 28ರಂದು ಬೆಂಗಳೂರಿನ ಗುಡ್ ಶೆಫರ್ಡ್ ಸಭಾಂಗಣದಲ್ಲಿ ಅವನ ಪ್ರದರ್ಶನವಿತ್ತು. ಕಾನೂನು ಸುವ್ಯವಸ್ಥೆಗೆ ತೊಂದರೆಯಾಗಬಹುದು, ರದ್ದುಮಾಡಿ ಎಂದು ಪೊಲೀಸರು ಸಂಘಟಕರಿಗೆ ಪತ್ರ ಬರೆದರು. ರದ್ದಾಯಿತು. ಅವನ ಹಾಸ್ಯ ನಿಮಗೆ ಇಷ್ಟವೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ನಾನು ತೋರಿಸುತ್ತಿರುವುದು ವಿಧಾನವನ್ನು. ಶಿಕಾಗೊದಲ್ಲೂ ಇಲ್ಲೂ ಒತ್ತಡ ಬಿದ್ದದ್ದು ಮೈಕ್ ಹಿಡಿದವನ ಮೇಲಲ್ಲ, ಸಭಾಂಗಣ ಕೊಟ್ಟವರ ಮೇಲೆ. ಇದಕ್ಕೆ ತೀರ್ಪು ಬೇಕಿಲ್ಲ, ಸಾಕ್ಷಿ ಬೇಕಿಲ್ಲ. ಕಲಾವಿದನ ಪರ ವಾದಿಸಲು ವಕೀಲನಿಗೆ ಒಂದು ಮೊಕದ್ದಮೆಯೂ ಸಿಗುವುದಿಲ್ಲ.

*

ಸಭಿಕರೊಬ್ಬರು ಕೇಳಿದ್ದು: ಹಾಗಾದರೆ ಹಾಸ್ಯಕ್ಕೆ ಮಿತಿಯೇ ಬೇಡವೇ? ಜಾತಿ ಬೈಗುಳದ ಕಾಯ್ದೆಯನ್ನು ನೀವೇ ಸಮರ್ಥಿಸಿದಿರಿ.

ಸಮರ್ಥಿಸಿದ್ದೇನೆ, ಈಗಲೂ ಸಮರ್ಥಿಸುತ್ತೇನೆ. ಒಬ್ಬ ನಿರ್ದಿಷ್ಟ ಮನುಷ್ಯನನ್ನು ಅವನ ಜಾತಿಯ ಕಾರಣಕ್ಕೆ ನಾಲ್ಕು ಜನರೆದುರು ಕುಗ್ಗಿಸುವುದು ಬೇರೆ, ಟಿಕೆಟ್ ಕೊಂಡು ಬಂದ ಸಭೆಯ ಮುಂದೆ ಇಗರ್ಜಿಯನ್ನೋ ಮಠವನ್ನೋ ಸರ್ಕಾರವನ್ನೋ ಪ್ರಶ್ನಿಸುವುದು ಬೇರೆ. ಮೊದಲನೆಯದರಲ್ಲಿ ಗಾಯಗೊಂಡ ವ್ಯಕ್ತಿ ಇದ್ದಾನೆ, ಅವನು ಬಂದು ಹೇಳುತ್ತಾನೆ. ಕೆಫೆ ಓ ಗೊ ಗೊದಲ್ಲಿ ಗಾಯಗೊಂಡವರು ಯಾರು? ಅಲ್ಲಿನ ವೇದಿಕೆಯ ಮುಂದೆ ಕುಳಿತು, ತನ್ನ ಮನಸ್ಸು ಕೆಟ್ಟಿತು ಎಂದು ದೂರು ಕೊಟ್ಟ ಒಬ್ಬ ಸಾಮಾನ್ಯ ಪ್ರೇಕ್ಷಕನನ್ನೂ ಸರ್ಕಾರ ಕರೆತರಲಿಲ್ಲ. ಬಂದದ್ದು ಸಂಬಳಕ್ಕೆ ಕೇಳಿದವರು. ಮಿತಿ ಎಲ್ಲಿ ಎಂಬ ಚರ್ಚೆ ಕಷ್ಟದ್ದೇ. ಆದರೆ ಅದನ್ನು ಮಾಡುವವರು ಮೊದಲು ಪೂರ್ತಿ ಕೇಳಿರಬೇಕು ಎಂಬುದರಲ್ಲಿ ನನಗೆ ಯಾವ ರಾಜಿಯೂ ಇಲ್ಲ.

ಇನ್ನೊಬ್ಬರು, ಇವತ್ತು ಕೇಳುವುದಾದರೆ ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರು.

1961ರ ಫೆಬ್ರುವರಿ 4ರ ನಡುರಾತ್ರಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಕೊಟ್ಟ ಪ್ರದರ್ಶನದಿಂದ. ಭಾರಿ ಹಿಮಪಾತದಿಂದ ನಗರ ಸ್ತಬ್ಧವಾಗಿತ್ತು, ಆದರೂ ಜನ ನಡೆದುಕೊಂಡು ಬಂದಿದ್ದರು. ಅಶ್ಲೀಲತೆಯ ಹೆಸರಿನಲ್ಲಿ ಆದ ಮೊದಲ ಬಂಧನಕ್ಕೆ ಇನ್ನೂ ಎಂಟು ತಿಂಗಳಿತ್ತು; ಅವನ ಧ್ವನಿಯಲ್ಲಿ ಹೆದರಿಕೆಯಾಗಲಿ ಹಟವಾಗಲಿ ಸೇರಿರಲಿಲ್ಲ. ಧ್ವನಿಮುದ್ರಿಕೆ ಎರಡು ಗಂಟೆಯ ಆಸುಪಾಸಿನದು. ಅಂದಿನ ನಟರ ಹೆಸರುಗಳು, ಯಿಡ್ಡಿಷ್ ಪದಗಳು ಮೊದಲ ಸಲ ಕೈಗೆ ಸಿಗುವುದಿಲ್ಲ. ನಿಲ್ಲಿಸಿ ಹುಡುಕಲು ಹೋಗಬೇಡಿ, ಒಂದೇ ಸಮನೆ ಕೇಳಿ. ಕೆಲವು ಜಾಗಗಳಲ್ಲಿ ನಗು ಬರುವುದಿಲ್ಲ. 1959ರ ಧ್ವನಿಮುದ್ರಿಕೆಗಳನ್ನು ಆಮೇಲೆ ಕೇಳಿ. ಕೊನೆಯ ಎರಡು ವರ್ಷಗಳವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ, ಕಾನೂನಿನ ವಿದ್ಯಾರ್ಥಿಗಳು ಮಾತ್ರ ಅವುಗಳಿಂದಲೇ ಶುರು ಮಾಡಬಹುದು.